ಮ್ಯಾಟ್ ಕೆಳಗೆ ಹಾಸಿದ ಪೇಪರ್ ಬಗ್ಗೆ

ಪ್ರೀತಿಯ ಸುಮಾ,

ನಿನ್ನ ಮೇಲ್ ನಿನ್ನೆ ರಾತ್ರಿ ಓದಿದೆ. ಹೊಸ ಕೆಲಸ, ಬಾಡಿಗೆ ಮನೆ, ಅಮ್ಮನ ಮಂಡಿನೋವು, ಎಲ್ಲ ಭಾನುವಾರ ಫೋನಿನಲ್ಲಿ ಮಾತಾಡೋಣ. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಫಿಯಟ್ಟಿನ ಎಡಗಡೆ ಮ್ಯಾಟ್ ಕೆಳಗೆ ಸ್ವಲ್ಪ ಒದ್ದೆ ಆಗ್ತಿದೆ ದೊಡ್ಡಮ್ಮ, ಪೇಪರ್ ಹಾಸಿದ್ದೀನಿ, ಮಳೆ ಮುಗಿದ ಮೇಲೆ ನೋಡ್ತೀನಿ" ಅಂತ. ಅದನ್ನು ಓದಿದ ಮೇಲೆ ನಿದ್ದೆ ಹತ್ತಲಿಲ್ಲ. ಎದ್ದು ನೀರು ಕುಡಿದು ಬಂದು ಮತ್ತೆ ಓದಿದೆ. ಮಳೆ ಮುಗಿದ ಮೇಲೆ ಅಂತೀಯ. ಈಗಿನ್ನೂ ಜುಲೈ ಎರಡನೇ ವಾರ, ಮಾರಾಯ್ತಿ.

ಆ ಕಾರು ಮನೆಗೆ ಹೇಗೆ ಬಂತು, ನಿನ್ನಪ್ಪ ಅದನ್ನು ಯಾಕೆ ಮಾರಲಿಲ್ಲ, ಅದೆಲ್ಲ ನಿನಗೆ ಗೊತ್ತಿದ್ದದ್ದೇ. ಮೈಸೂರಿನಲ್ಲಿ ಇದ್ದಷ್ಟು ವರ್ಷ ಅದಕ್ಕೆ ಏನೂ ಆಗಲಿಲ್ಲ, ನಿಜ. ಆದರೆ ಅಲ್ಲಿ ವರ್ಷಕ್ಕೆ 800 ಮಿ.ಮೀ. ಆಸುಪಾಸು ಮಳೆ. ನೀನೀಗ ಸುರತ್ಕಲ್ಲಿನಲ್ಲಿದ್ದೀಯ. ಅಲ್ಲಿ ಅದರ ನಾಲ್ಕು ಪಟ್ಟಿಗೂ ಜಾಸ್ತಿ ಬೀಳುತ್ತದೆ. ಮೇಲಿಂದ ಸಮುದ್ರದ ಗಾಳಿ ಬೇರೆ. ಉಪ್ಪು ಕೂತ ತಗಡು ಬೇಗ ಒಣಗೋದೇ ಇಲ್ಲ, ಅದಕ್ಕೇ ತುಕ್ಕು ಓಡಿ ಬರುತ್ತದೆ.

ಒದ್ದೆ ಎಷ್ಟು ದಿನದಿಂದ ಅಂತ ನೀನು ಬರೆದಿಲ್ಲ. ಪೇಪರಿನ ಮೇಲೆ ಬಿದ್ದ ಕಲೆ ಯಾವ ಬಣ್ಣ ಅಂತಲೂ ಬರೆದಿಲ್ಲ. ನನಗೆ ಅದೇ ಚಿಂತೆ.

ನಾನೂ ಪೇಪರ್ ಹಾಸಿದ್ದೆ, ಸುಮಾ.

ನಮ್ಮದೂ ನಿನ್ನದರ ಹಾಗೆ ಫಿಯಟ್ ಪದ್ಮಿನಿಯೇ ಅಲ್ವಾ, 1976ರದ್ದು, ತಿಳಿ ನೀಲಿ. 1994ರ ಮಳೆಗಾಲದಲ್ಲಿ ಎಡಗಡೆ ಮ್ಯಾಟ್ ಕೆಳಗೇ ಒದ್ದೆ ಕಂಡಿತು. ದೊಡ್ಡಪ್ಪನ ಆ ಎರಡು ವರ್ಷ ನಿಮಗೆಲ್ಲ ಗೊತ್ತು, ಮತ್ತೆ ಹೇಳೋದಿಲ್ಲ. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ನಾಲ್ಕು ಪೇಪರ್ ಮಡಚಿ ಹಾಸಿದೆ. ಮೊದಮೊದಲು ವಾರಕ್ಕೊಮ್ಮೆ ಬದಲಾಯಿಸುತ್ತಿದ್ದೆ. ಆಮೇಲೆ ಅದೂ ಬಿಟ್ಟುಹೋಯಿತು. ಕಾರು ತೆಗೆಯುವುದೇ ನಿಂತಾಗ ಒಂದು ಟಾರ್ಪಾಲು ತಂದು ಪೂರ್ತಿ ಮುಚ್ಚಿ, ನಾಲ್ಕೂ ಕಡೆ ಹಗ್ಗ ಬಿಗಿದು ಕಟ್ಟಿದೆ. ಮಳೆಯಿಂದ ಕಾಪಾಡಿದೆ ಅಂತ ನನಗೆ ಸಮಾಧಾನ. ಅಡಿಯ ಮಣ್ಣಿನಿಂದ ಏಳುವ ತೇವ ಹೊರಗೆ ಹೋಗಲು ದಾರಿಯಿಲ್ಲದೆ, ರಾತ್ರಿ ತಣ್ಣಗಾದಾಗ ಟಾರ್ಪಾಲಿನ ಒಳಮೈಗೆ ಹನಿಗಟ್ಟಿ ಮತ್ತೆ ಕಾರಿನ ಮೇಲೇ ಬೀಳುತ್ತದೆ ಅಂತ ಆಗ ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

1996ರ ನವೆಂಬರ್. ಅವರು ಸ್ವಲ್ಪ ಚೇತರಿಸಿಕೊಂಡಿದ್ದರು. ಮಲ್ಪೆವರೆಗೆ ನಮ್ಮ ಕಾರಿನಲ್ಲೇ ಹೋಗಿ ಬರೋಣ ಅಂದರು. ಟಾರ್ಪಾಲು ಬಿಚ್ಚಿದೆ. ಮೇಲಿಂದ ನೋಡಿದರೆ ಕಾರು ಚೆನ್ನಾಗಿಯೇ ಇತ್ತು. ಬಾಗಿಲು ತೆಗೆದರೆ ಅರ್ಧ ಇಂಚು ಕೆಳಗೆ ಜಗ್ಗಿತು. ಒಳಗೆ ಪಾಳುಬಾವಿಯ ವಾಸನೆ. ಮ್ಯಾಟ್ ಎತ್ತಿದೆ. ನನ್ನ ಪೇಪರ್ ಕರಗಿ ಮುದ್ದೆಯಾಗಿತ್ತು. ಅದರ ಕೆಳಗಿನ ಫೆಲ್ಟ್ ನೆಂದ ಗೋಣಿಚೀಲದಷ್ಟು ಭಾರ. ಅದರಡಿ ತಗಡು ಚಿರೋಟಿಯ ಹಾಗೆ ಪದರ ಪದರ ಎದ್ದಿತ್ತು. ಬೆರಳಿಟ್ಟು ಒತ್ತಿದೆ. ಬೆರಳು ಆಚೆ ಹೋಯಿತು. ತೂತಿನಲ್ಲಿ ಅಂಗಳದ ಮಣ್ಣು ಕಂಡಿತು, ಅದರ ಮೇಲೆ ಒಂದು ಇರುವೆ ಸಾಲು.

ಅವರು ಸ್ವೆಟರ್ ಹಾಕಿಕೊಂಡು ಜಗಲಿಯಲ್ಲಿ ನಿಂತಿದ್ದರು. ನಾನು ಬ್ಯಾಟರಿ ಇಳಿದಿದೆ ಅಂದೆ. "ಆಯ್ತು, ರಿಕ್ಷಾ ಕರಿ" ಅಂದರು.

ನಿಮಗೆಲ್ಲ ಕಾರು ಮಾರಿದೆವು ಅಂತ ಹೇಳಿದ್ದೆ. ಮಾರಲಿಲ್ಲ. ಒಬ್ಬ ಟಿಂಕರ್ ಫೈಬರ್ ಮೆತ್ತಿ, ಪುಟ್ಟಿ ಎಳೆದು, ಕೆಳಗೆ ಕಪ್ಪು ಡಾಂಬರಿನಂಥದ್ದು ಬಳಿದು ದುಡ್ಡು ತಗೊಂಡ. ಅದರೊಳಗೆ ಸಿಕ್ಕಿಕೊಂಡ ತೇವ ಉಳಿದದ್ದನ್ನೂ ತಿಂದಿತು. ಒಂದೂವರೆ ವರ್ಷಕ್ಕೆ ಕಾರು ಗುಜರಿಗೆ ಹೋಯಿತು. ಅದನ್ನು ಎಳೆದುಕೊಂಡು ಹೋದ ದಿನ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಕೂತಿದ್ದೆ, ಮುಂದೆ ಬರಲೇ ಇಲ್ಲ.

ಹಾಗಾಗಿ ಸ್ವಲ್ಪ ಒದ್ದೆ ಅನ್ನೋ ಮಾತು ನನಗೆ ಸ್ವಲ್ಪ ಅಂತ ಕೇಳೋದಿಲ್ಲ. ಲಾರಿಗೆ, ಜೀಪಿಗೆ ಅಡಿಯಲ್ಲಿ ಭಾರ ಹೊರುವ ಚೌಕಟ್ಟು, ಅಂದರೆ ಚಾಸಿ, ಬೇರೆ ಇರುತ್ತದೆ. ಫಿಯಟ್ಟಿಗೆ ಹಾಗಲ್ಲ, ಬಾಡಿಯೇ ಚಾಸಿ. ಫ್ಲೋರು, ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಡಬ್ಬಿಯಂಥ ಭಾಗ, ಇವು ಮನೆಯ ಅಡಿಪಾಯ ಇದ್ದ ಹಾಗೆ. ಅವು ಸತ್ತರೆ ಎಂಜಿನ್ ಎಷ್ಟು ಚೆನ್ನಾಗಿದ್ದು ಏನು? 2000ದ ಆಸುಪಾಸಿಗೆ ಪದ್ಮಿನಿ ತಯಾರಾಗುವುದೇ ನಿಂತಿತು. ಫ್ಲೋರ್ ಬೇಕು ಅಂದರೆ ಟಿಂಕರ್ ಕೈಯಲ್ಲಿ ತಗಡು ಕತ್ತರಿಸಿ, ಬಡಿದು, ವೆಲ್ಡ್ ಮಾಡಿಸಬೇಕು.

ಮೊದಲು ಪೇಪರ್ ತೆಗಿ. ಅದು ನೀರು ಹೀರಿ ತಗಡಿಗೇ ಒತ್ತಿ ಇಟ್ಟುಕೊಳ್ಳುತ್ತದೆ, ಒಣಗಲು ಬಿಡೋದಿಲ್ಲ. ಮ್ಯಾಟು, ಫೆಲ್ಟು ಎರಡನ್ನೂ ತೆಗೆದು ಒಳಗೆ ಫ್ಯಾನಿನಡಿ ಹಾಕು. ಕಾರು ಬರೀ ತಗಡಿನಲ್ಲೇ ಇರಲಿ ಈ ಮಳೆಗಾಲ. ನೋಡಲು ಚೆನ್ನಾಗಿರೋದಿಲ್ಲ, ಗೊತ್ತು.

ನೀರು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಬಂತು ಅಂದುಕೊಳ್ಳಬೇಡ. ನಮ್ಮದರಲ್ಲಿ ಅದು ಮುಂದಿನ ಗಾಜಿನ ರಬ್ಬರ್ ಬೀಡಿಂಗಿನ ಕೆಳ ಮೂಲೆಯಿಂದ ಇಳಿದು, ಡ್ಯಾಶ್‌ಬೋರ್ಡಿನ ಹಿಂದೆ ಹರಿದು ಕಾಲಡಿ ಸೇರುತ್ತಿತ್ತು. ನಾನು ಬಾಗಿಲನ್ನೇ ಅನುಮಾನಿಸುತ್ತಿದ್ದೆ. ಮಳೆ ಬಿಟ್ಟ ದಿನ ಒಬ್ಬರನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸು, ನೀನು ಹೊರಗಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡು. ಕೆಳಗಿಂದ ಶುರು ಮಾಡಿ ಮೇಲೆ ಹೋಗು. ಮೇಲಿಂದ ಬಿಟ್ಟರೆ ಎಲ್ಲ ಕಡೆ ಒಟ್ಟಿಗೇ ಒದ್ದೆಯಾಗಿ ಏನೂ ತಿಳಿಯೋದಿಲ್ಲ. ಒಳಗಡೆ ಪೌಡರ್ ಉದುರಿಸಿದರೆ ಹನಿ ಬಂದ ದಾರಿ ಗೆರೆಯ ಹಾಗೆ ಕಾಣುತ್ತದೆ. ಒಳಗೆ ಕೂರಲು ಯಾರೂ ಸಿಗದಿದ್ದರೆ ನಾನಿದ್ದೀನಿ. ಬಸ್ಸಿಗೆ ಎರಡು ಗಂಟೆಯ ದಾರಿಯೂ ಇಲ್ಲ.

ಬೀಡಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದನ್ನೇ ಹಾಕಿಸು. ಗಾಜು ತೆಗೆದಾಗ ಅದರಡಿಯ ತಗಡಿನ ಅಂಚು ನೋಡದೆ ಮತ್ತೆ ಕೂರಿಸಲು ಬಿಡಬೇಡ. ತುಕ್ಕು ಮೊದಲು ಕೂರೋದು ಅಲ್ಲೇ. ಮೇಲಿಂದ ಸುಮ್ನೆ ಸಿಲಿಕೋನ್ ಹಚ್ಚಬೇಡ, ಅದರಲ್ಲೂ ವಿನೆಗರ್ ಹಾಗೆ ಹುಳಿ ವಾಸನೆ ಬರುವಂಥದ್ದು. ಆ ಹುಳಿಯೇ ಬರೀ ತಗಡಿಗೆ ತುಕ್ಕು ಹಿಡಿಸುತ್ತದೆ.

ಇನ್ನೊಂದು ನೆನಪಾಯಿತು. ಬಾಗಿಲಿನ ಒಳಗೆ ನೀರು ಹೋಗುವುದು ತಪ್ಪಲ್ಲ. ಗಾಜಿನ ಪಕ್ಕದಿಂದ ಇಳಿದು, ಬಾಗಿಲ ಅಡಿಯ ಸಣ್ಣ ತೂತುಗಳಿಂದ ಹೊರಗೆ ಬೀಳಬೇಕು. ಎಲೆ, ಮಣ್ಣು ಸೇರಿ ಆ ತೂತು ಮುಚ್ಚಿದರೆ ಬಾಗಿಲು ನೀರಿನ ಕೊಡದ ಹಾಗೆ ತುಂಬಿಕೊಳ್ಳುತ್ತದೆ. ತೆಂಗಿನ ಗರಿಯ ಕಡ್ಡಿ ಸಾಕು, ವಾರಕ್ಕೊಮ್ಮೆ ಆಡಿಸು. ದೊಡ್ಡಪ್ಪ ಪ್ರತಿ ಭಾನುವಾರ ಕಾಫಿ ಕುಡಿದು ಇದನ್ನು ಮಾಡುತ್ತಿದ್ದರು. ಚಕ್ರದ ಮೇಲಿನ ಗೂಡಿನಲ್ಲಿ ಮೆತ್ತಿದ ಕೆಸರನ್ನೂ ಕೈಹಾಕಿ ತೊಳೆಯುತ್ತಿದ್ದರು, ಲುಂಗಿ ಎಲ್ಲ ಕೆಂಪು. ನಾನು ಬೈಯುತ್ತಿದ್ದೆ. ಅವರು ಮಲಗಿದ ಮೇಲೆ ಆ ಕಡ್ಡಿ ಜಗಲಿಯ ಕಿಟಕಿಯಲ್ಲೇ ಇತ್ತು, ಎರಡು ವರ್ಷ. ದಿನಾ ನೋಡುತ್ತಿದ್ದೆ. ಒಂದು ದಿನವೂ ಎತ್ತಿಕೊಳ್ಳಲಿಲ್ಲ.

ಸ್ಕ್ರೂಡ್ರೈವರಿನ ಹಿಡಿಯಿಂದ ಫ್ಲೋರನ್ನು ತಟ್ಟುತ್ತಾ ಹೋಗು. ಟಣ್ ಅಂದರೆ ತಗಡು ಇದೆ. ಬದ್ ಅಂದ ಕಡೆ ಚಾಕ್‌ಪೀಸಿನಿಂದ ಗುರುತು ಮಾಡು. ಪೇಂಟ್ ಗುಳ್ಳೆ ಎದ್ದಿದ್ದರೆ ಅದು ಒಳಗಿಂದ ಬಂದದ್ದು, ಮೇಲೆ ಉಜ್ಜಿ ಬಣ್ಣ ಹೊಡೆಸಬೇಡ. ಕೊಳೆತ ತಗಡನ್ನು ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡ್ ಮಾಡುವವರನ್ನೇ ಹುಡುಕು, ಫೈಬರ್ ಮಾತೆತ್ತಿದರೆ ಎದ್ದು ಬಾ. ಮುಚ್ಚಲೇಬೇಕು ಅಂದರೆ ಮೇಲೆ ಸೂರು ಇದ್ದು ಸುತ್ತ ತೆರೆದ ಶೆಡ್ ಸಾಕು. ಟಾರ್ಪಾಲು ಮಾತ್ರ ಬೇಡ, ನನ್ನಾಣೆ.

ನಿನಗೆ ಕೆಲಸ ಜಾಸ್ತಿ, ಇದೆಲ್ಲ ಹೊರೆ ಅನ್ನಿಸಬಹುದು. ಬೈಯಲು ಬರೆದದ್ದಲ್ಲ. ನಿನ್ನ ವಯಸ್ಸಿನಲ್ಲಿ ನನಗೆ ಯಾರಾದರೂ ಹೀಗೆ ಪೀಡಿಸಿದ್ದರೆ ನಾವು ಆ ದಿನ ಮಲ್ಪೆಗೆ ನಮ್ಮ ಕಾರಿನಲ್ಲೇ ಹೋಗುತ್ತಿದ್ದೆವೋ ಏನೋ.

ತೆಗೆದ ಪೇಪರನ್ನು ಬಿಸಾಡಬೇಡ. ಬಿಡಿಸಿ ಒಣಗಿಸಿ, ಕಿಟಕಿ ಹತ್ತಿರ ಬೆಳಕಿನಲ್ಲಿ ಇಟ್ಟು ಫೋಟೋ ಕಳಿಸು. ಬರೀ ನೀರಿನ ಗೆರೆ ಇದ್ದರೆ ಭಾನುವಾರ ಮಾತಾಡೋಣ. ಕೆಂಪಗಿನ ಕಲೆ ಇದ್ದರೆ ನಾಳೆ ಬೆಳಿಗ್ಗೆಯ ಬಸ್ಸಿಗೇ ಬರ್ತೀನಿ, ಟಾರ್ಚ್ ತರ್ತೀನಿ.

ನಿನ್ನ
ದೊಡ್ಡಮ್ಮ