ರವಿಗೆ ಇದನ್ನು ಓದಿ ಹೇಳು

ಮೆಲ್ಬರ್ನ್
ಡಿಸೆಂಬರ್, ಭಾನುವಾರ

ಪ್ರೀತಿಯ ಅಕ್ಕ,

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀವೂ ಎಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಪ್ಪನ ಮಂಡಿ ನೋವು ಹೇಗಿದೆ? ಭಾವನನ್ನೂ ಪುಟ್ಟಿಯನ್ನೂ ಕೇಳಿದೆ ಅಂತ ಹೇಳು.

ನಿನ್ನ ಕಾಗದ ಓದಿದಾಗಿನಿಂದ ಬೇರೇನೂ ತಲೆಗೆ ಹೋಗುತ್ತಿಲ್ಲ. ತಮ್ಮ ರವಿ ವಾರವಾರ ಮೈಸೂರಿಗೆ ಹೋಗುತ್ತಾನೆ ಅಂತ ಅಮ್ಮ ಫೋನಿನಲ್ಲಿ ಹೇಳಿದ್ದಳು. ಯಾಕೆ ಅಂತ ಹೇಳಿರಲಿಲ್ಲ. ಬೆಲೆ ಏರಲಿ ಅಂತ ಇಟ್ಟಿದ್ದ ಮೆಣಸನ್ನು ಕುಶಾಲನಗರದಲ್ಲಿ ಮಾರಿ ಆ ದುಡ್ಡನ್ನೆಲ್ಲ ಮೈಸೂರು ರೇಸಿನ ಕುದುರೆ ಮೇಲೆ ಹಾಕಿದ್ದಾನೆ, ಈಗ ಅಮ್ಮನ ಸರವನ್ನು ಸೊಸೈಟಿಯಲ್ಲಿ ಇಡೋಣ ಅನ್ನುತ್ತಿದ್ದಾನೆ ಅಂದರೆ ಇದು ಸಣ್ಣ ವಿಷಯ ಅಲ್ಲ ಅಕ್ಕ. ಅರೇಬಿಕಾ ಕುಯ್ಲೇ ಇನ್ನೂ ಮುಗಿದಿಲ್ಲ. ಜನವರಿಗೆ ರೋಬಸ್ಟಾ ಶುರುವಾಗುತ್ತದೆ. ಆಳುಗಳಿಗೆ ವಾರಕ್ಕೊಮ್ಮೆ ಬಟವಾಡೆ ಮಾಡಲೇಬೇಕು. ಸರ ಮಾತ್ರ ಕೊಡಬೇಡಿ. ಅಮ್ಮ ಕರಗಿಬಿಡುತ್ತಾಳೆ, ನೀನು ಗಟ್ಟಿಯಾಗಿ ಹೇಳು.

ರವಿ ನನಗೂ ಮೆಸೇಜ್ ಹಾಕಿದ್ದಾನೆ. ‘ನೀನಿರೋದು ಕುದುರೆ ಊರಲ್ಲಿ, ಗೊತ್ತಿರೋರನ್ನ ಕೇಳಿ ಗೆಲ್ಲೋ ಕುದುರೆ ಟಿಪ್ ಕಳಿಸು’ ಅಂತ. ಬೈದು ಬರೆದರೆ ಅವನು ಅರ್ಧಕ್ಕೇ ಎದ್ದು ಹೋಗುತ್ತಾನೆ. ಹಾಗಾಗಿ ಬೈಯುವುದಿಲ್ಲ. ರೇಸಿನ ಕಾರ್ಡ್, ಅಂದರೆ ಆ ದಿನದ ಓಟಗಳ, ಕುದುರೆಗಳ ಪಟ್ಟಿ, ಅದನ್ನು ಓದುವುದು ಅಂದರೆ ಏನು ಅಂತ ಇಲ್ಲಿ ಕಣ್ಣಾರೆ ನೋಡಿದ್ದೇನೆ. ಅದನ್ನೇ ಬರೆಯುತ್ತೇನೆ. ರಾತ್ರಿ ಊಟ ಆದ ಮೇಲೆ ಕೂರಿಸಿಕೊಂಡು ಓದಿ ಹೇಳು.

ಅವನು ಹೇಳಿದ್ದು ಸುಳ್ಳಲ್ಲ, ಇದು ಕುದುರೆ ಊರೇ. ನವೆಂಬರ್ ಮೊದಲ ಮಂಗಳವಾರ ಮೆಲ್ಬರ್ನ್ ಕಪ್ ಅಂತ ಇಡೀ ಊರಿಗೆ ಸರ್ಕಾರಿ ರಜೆ. 1861ರಿಂದ ನಡೆದು ಬಂದ ರೇಸು. ಈಗ 3200 ಮೀಟರ್ ಓಟ, 24 ಕುದುರೆಗಳ ತನಕ ಇಳಿಯುತ್ತವೆ. ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲೂ ಆವತ್ತು ಅಜ್ಜಿಯರೆಲ್ಲ ಹೂವಿನ ಟೋಪಿ ಇಟ್ಟುಕೊಂಡು ಟಿವಿ ಮುಂದೆ ಕೂರುತ್ತಾರೆ. ಫಾರ್ ಲ್ಯಾಪ್ ಅಂತ ಒಂದು ಕುದುರೆ 1930ರಲ್ಲಿ ಕಪ್ ಗೆದ್ದಿತ್ತು. ಅದರ ಚರ್ಮಕ್ಕೆ ಮೈ ತುಂಬಿಸಿ ಇಲ್ಲಿನ ಮ್ಯೂಸಿಯಂನಲ್ಲಿ ಗಾಜಿನೊಳಗೆ ನಿಲ್ಲಿಸಿದ್ದಾರೆ. ಹೃದಯ ಕ್ಯಾನ್‌ಬೆರಾದಲ್ಲಿದೆ. ಜನ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ. ನನಗೆ ಇದು ಹುಚ್ಚು ಅನ್ನಿಸುವುದಿಲ್ಲ. ಕೈಲ್ ಪೊಳ್ದು ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಜಿಲ್ಲೆಯವರು ನಾವು. ಒಂದು ಊರಿಗೆ ಒಂದು ಪ್ರೀತಿ ಇರುತ್ತದೆ ಅಲ್ವಾ.

ಆ ಫಾರ್ ಲ್ಯಾಪ್ ಕಥೆಯಲ್ಲೇ ಮೊದಲ ಪಾಠ ಇದೆ. ಮಾರನೇ ವರ್ಷ ಅದರ ಮೇಲೆ 68 ಕೆಜಿ ಹೊರಿಸಿದರು. ಅಷ್ಟು ದೊಡ್ಡ ಕುದುರೆ ಎಂಟನೆಯದಾಗಿ ಬಂತು. ಹ್ಯಾಂಡಿಕ್ಯಾಪ್ ರೇಸಿನ ಕಟ್ಟಳೆಯೇ ಅದು. ಚೆನ್ನಾಗಿ ಓಡುವ ಕುದುರೆಗೆ ಜಾಸ್ತಿ ತೂಕ, ಸೋಲುವುದಕ್ಕೆ ಕಮ್ಮಿ. ಸವಾರನ ತೂಕ ಸಾಲದಿದ್ದರೆ ಜೀನಿನಲ್ಲಿ ಸೀಸ ಇಡುತ್ತಾರೆ. ಎಲ್ಲ ಒಟ್ಟಿಗೆ ಗೆರೆ ಮುಟ್ಟಲಿ ಅಂತ ಒಬ್ಬ ಅಧಿಕಾರಿ ಕೂತು ತೂಕ ಹಂಚಿದ ರೇಸಿನಲ್ಲಿ ‘ಗ್ಯಾರಂಟಿ ಕುದುರೆ’ ಎಲ್ಲಿಂದ ಬರುತ್ತದೆ? ಮೈಸೂರಿನಲ್ಲೂ ಹ್ಯಾಂಡಿಕ್ಯಾಪ್ ರೇಸುಗಳು ಇದೇ ಲೆಕ್ಕದಲ್ಲೇ ನಡೆಯುತ್ತವೆ.

ನಮ್ಮ ಆಶ್ರಮದಲ್ಲಿ ಒಬ್ಬ ಅಜ್ಜ ಇದ್ದಾರೆ. ಹುಡುಗನಾಗಿದ್ದಾಗಿನಿಂದ ಕುದುರೆ ಲಾಯದಲ್ಲೇ ದುಡಿದವರು. ಕೈ ನಡುಗುತ್ತದೆ, ಭೂತಗನ್ನಡಿ ಬೇಕು, ಆದರೆ ಶನಿವಾರ ಬೆಳಿಗ್ಗೆ ರೇಸಿನ ಪುಟ ಬಂದರೆ ಬೇರೆಯೇ ಮನುಷ್ಯ. ನೈಟ್ ಡ್ಯೂಟಿ ಮುಗಿಸಿ ಅವರ ಪಕ್ಕ ಕೂತು ನಾನು ಪುಟ ತಿರುವಿ ಕೊಡುತ್ತೇನೆ.

ಅವರು ಮೊದಲು ಕುದುರೆ ಹೆಸರನ್ನೇ ನೋಡುವುದಿಲ್ಲ. ಮಳೆ ಎಷ್ಟು ಬಿತ್ತು, ನೆಲ ಹೇಗಿದೆ ಅಂತ ಕೇಳುತ್ತಾರೆ. ಇಲ್ಲಿ ನೆಲಕ್ಕೆ 1ರಿಂದ 10ರ ತನಕ ನಂಬರ್ ಕೊಡುತ್ತಾರೆ. 3, 4 ಅಂದರೆ ಒಳ್ಳೆಯ ನೆಲ. 5ರಿಂದ 7 ಮೆತ್ತಗೆ. 8ರಿಂದ 10 ಕೆಸರು. ಗಟ್ಟಿ ನೆಲದಲ್ಲಿ ಗಾಳಿಯ ಹಾಗೆ ಹೋಗುವ ಕುದುರೆ ಕೆಸರಿನಲ್ಲಿ ಕಾಲೇ ಎತ್ತದೆ ಇರಬಹುದು. ಆಮೇಲೆ ಯಾವ ಕುದುರೆ ಓಡದೆ ಹಿಂದೆ ಸರಿದಿದೆ ಅಂತ ನೋಡಿ ಹೊಡೆದು ಹಾಕುತ್ತಾರೆ. ಆಮೇಲೆ ರೇಸುಗಳನ್ನೇ ಹೊಡೆದು ಹಾಕುತ್ತಾರೆ! ಮೊದಲ ಸಲ ಓಡುವ ಎರಡು ವರ್ಷದ ಮರಿಗಳ ರೇಸು ಬೇಡ, ಏನೂ ಗೊತ್ತಾಗುವುದಿಲ್ಲ. ಎಲ್ಲ ಒಂದೇ ಸಮ ಇರುವ ರೇಸೂ ಬೇಡ. ಒಂಬತ್ತು ರೇಸಿನ ಕಾರ್ಡಿನಲ್ಲಿ ಕೊನೆಗೆ ಎರಡೋ ಮೂರೋ ಉಳಿಯುತ್ತವೆ. ರವಿ ಒಂದೂ ಬಿಡದೆ ಎಲ್ಲ ರೇಸಿಗೂ ಕಟ್ಟುತ್ತಾನೆ ಅಂತ ನೀನು ಬರೆದಿದ್ದೀಯ. ಎಪ್ಪತ್ತು ವರ್ಷ ಕುದುರೆ ಮಧ್ಯೆ ಬದುಕಿದವರಿಗೆ ಇಲ್ಲದ ಧೈರ್ಯ ಇವನಿಗೆ ಎಲ್ಲಿಂದ ಬಂತು?

ಉಳಿದ ರೇಸಿಗೆ ಅವರು ಎಷ್ಟು ಹೊತ್ತು ಕೊಡುತ್ತಾರೆ ಗೊತ್ತಾ? ಒಂದನ್ನು ಹೇಳುತ್ತೇನೆ. ಮಳೆ ಬಂದ ಶನಿವಾರ, ನೆಲ 6, ಓಟ 1600 ಮೀಟರ್. ಒಂದು ಕುದುರೆಯ ಹೆಸರಿನ ಮುಂದೆ 31x70 ಅಂತ ಇತ್ತು. ಎಡದಿಂದ ಬಲಕ್ಕೆ ಓದಬೇಕು, ಕೊನೆಯದು ಇತ್ತೀಚಿನದು. ಮೂರನೆಯ ಸ್ಥಾನ, ಮೊದಲ ಸ್ಥಾನ, x ಅಂದರೆ ಕೆಲವು ತಿಂಗಳು ವಿಶ್ರಾಂತಿ, ಆಮೇಲೆ ಏಳನೆಯದು. ಸೊನ್ನೆ ಅಂದರೆ ಹತ್ತು ಅಥವಾ ಅದಕ್ಕಿಂತ ಹಿಂದೆ. ಎರಡು ಸಲ ಹಿಂದೆ ಬಿದ್ದ ಕುದುರೆ ಅಂತ ಎಲ್ಲರೂ ಬಿಟ್ಟಿದ್ದರು. ಅಜ್ಜ ಬಿಡಲಿಲ್ಲ. ವಿಶ್ರಾಂತಿ ಮುಗಿಸಿ ಬಂದ ಮೊದಲ ಓಟ 1200 ಮೀಟರ್, ಎರಡನೆಯದು 1400, ಎರಡೂ ಒಣ ನೆಲ. ಮೊದಲು ಗೆದ್ದದ್ದು 1600ರಲ್ಲಿ, ಅದೂ ಮೆತ್ತನೆ ನೆಲದಲ್ಲಿ. ತೂಕ 58ರಿಂದ 54.5ಕ್ಕೆ ಇಳಿದಿತ್ತು. ಮೇಲೆ ಕೂತವನು ಕಲಿಯುವ ಹುಡುಗ, ಅವನಿಗೆ ಇನ್ನೂ 2 ಕೆಜಿ ರಿಯಾಯಿತಿ. ಮುಂದೆ ಹೋಗಲು ಹಠ ಮಾಡುವ ಕುದುರೆಗಳು ಅದೇ ರೇಸಿನಲ್ಲಿ ಮೂರು ಇದ್ದವು. ಅವು ಒಂದನ್ನೊಂದು ಸುಸ್ತು ಮಾಡುತ್ತವೆ, ಹಿಂದಿನಿಂದ ಬರುವುದಕ್ಕೆ ಅನುಕೂಲ ಅಂದರು.

ಇಷ್ಟಾದ ಮೇಲೆ ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ 6 ಅಂತ ಬರೆದರು. ಅವರ ಪ್ರಕಾರ ಅದು ಆರಕ್ಕೆ ಒಂದು ಸಲ ಗೆಲ್ಲುವ ಕುದುರೆ. ಗೆದ್ದಾಗ ಒಂದು ಡಾಲರಿಗೆ 6 ಡಾಲರಿಗಿಂತ ಜಾಸ್ತಿ ಕೊಟ್ಟರೆ ಮಾತ್ರ ಕಟ್ಟಬೇಕು. ಹೀಗೆ ಪ್ರತಿ ಕುದುರೆಗೂ ತಮ್ಮದೇ ಬೆಲೆ ಬರೆದ ಮೇಲೇ ಬಾಜಿ ಕಟ್ಟಿಸಿಕೊಳ್ಳುವವರು ಕೊಡುವ ಹೊರಗಿನ ಬೆಲೆ ನೋಡುತ್ತಾರೆ. ಹೊರಗೆ 15 ಡಾಲರ್ ಇತ್ತು. 5 ಡಾಲರ್ ಕಟ್ಟಿದರು. ಐದೇ.

ಕುದುರೆ ಮೂರನೆಯದಾಗಿ ಬಂತು. ನನಗೆ ಅಳು ಬಂದ ಹಾಗಾಯಿತು. ಅವರು ಆರಾಮಾಗಿ ಟೀ ಕೇಳಿದರು. ‘ಬೆಲೆ ಸರಿಯಾಗಿತ್ತು, ಆರರಲ್ಲಿ ಐದು ಸಲ ಸೋಲಬೇಕಾದ್ದೇ’ ಅಂದರು. ಈ ಮಾತನ್ನು ರವಿಗೆ ಎರಡು ಸಲ ಓದು. ಎಲ್ಲ ಸರಿಯಾಗಿ ಲೆಕ್ಕ ಹಾಕಿದರೂ ಹೆಚ್ಚು ಸಲ ಸೋಲೇ. ಅದನ್ನು ತಡೆಯಲು ಕಳೆದರೂ ಚಿಂತೆ ಇಲ್ಲದ ದುಡ್ಡು ಬೇಕು. ಬಟವಾಡೆ ದುಡ್ಡು ಅಂಥದ್ದಲ್ಲ.

ಜಾಕ್‌ಪಾಟ್ ಹೊಡೆದರೆ ಸಾಲ ತೀರುತ್ತದೆ ಅನ್ನುತ್ತಾನಂತೆ. ಎಲ್ಲರೂ ನೆಚ್ಚಿದ ಫೇವರಿಟ್ ಕುದುರೆ ಕೂಡ ಸುಮಾರಾಗಿ ಮೂರಕ್ಕೆ ಒಂದು ರೇಸು ಗೆಲ್ಲುತ್ತದೆ, ಅಷ್ಟೇ. ಜಾಕ್‌ಪಾಟಿಗೆ ಸಾಲಾಗಿ ಐದು ರೇಸು ಗೆಲ್ಲಬೇಕು. ಮೂರನ್ನು ಐದು ಸಲ ಗುಣಿಸಲಿ. 243 ಬರುತ್ತದೆ. ಐದರಲ್ಲೂ ಫೇವರಿಟ್ಟನ್ನೇ ಹಿಡಿದರೂ 243ಕ್ಕೆ ಒಂದು ಸಲ.

ಇನ್ನು ತೆರಿಗೆ. ರೇಸಿನ ಬಾಜಿಯ ಪೂರ್ತಿ ಮೊತ್ತದ ಮೇಲೆ 28 ಪರ್ಸೆಂಟ್ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 40 ಪರ್ಸೆಂಟ್. 100 ರೂಪಾಯಿ ಬಾಜಿಗೆ 40 ರೂಪಾಯಿ ತೆರಿಗೆ ಸೇರಿ ಕೈಯಿಂದ 140 ಹೋಗುತ್ತದೆ. ಟೋಟ್ ಅಂದರೆ ಎಲ್ಲರ ಬಾಜಿಯನ್ನೂ ಒಟ್ಟು ಹಾಕಿ ಗೆದ್ದವರಿಗೆ ಹಂಚುವುದು, ಅದರಲ್ಲಿ ರೇಸ್ ಕ್ಲಬ್ಬಿನ ಕಮಿಷನ್ ಬೇರೆ ಹೋಗುತ್ತದೆ. ಕಾಫಿ ತೂಗುವಾಗ ತೇವಾಂಶ ಅಂತ ಮೂಟೆಗೆ ಒಂದೆರಡು ಕೆಜಿ ಕಳೆದರೆ ಅಪ್ಪ ಜಗಳಕ್ಕೇ ನಿಲ್ಲುತ್ತಾರೆ. ಇಲ್ಲಿ ತೂಗುವ ಮೊದಲೇ ಮೂಟೆಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೋಗುತ್ತದೆ. ತೆರಿಗೆ ಇಲ್ಲದೆ ಫೋನಿನಲ್ಲಿ ಕಟ್ಟಿಸಿಕೊಳ್ಳುವವರು ಇದ್ದಾರೆ ಅಂತ ಅವನು ಹೇಳಬಹುದು. ಅದು ಕಾನೂನಿಗೆ ವಿರುದ್ಧ. ಸಾಲಕ್ಕೆ ಆಡಿಸಿ ಆಮೇಲೆ ಮನೆ ಬಾಗಿಲಿಗೆ ಬರುತ್ತಾರೆ. ಅವನು ಈಗಾಗಲೇ ಆ ದಾರಿ ಹಿಡಿದಿದ್ದಾನಾ ಅಂತ ನನಗೆ ತುಂಬಾ ಭಯ. ಮೆತ್ತಗೆ ಕೇಳಿ ನೋಡು, ಅಪ್ಪನ ಎದುರು ಬೇಡ.

ಕುದುರೆ ರೇಸು ಜಾಣ್ಮೆಯ ಆಟ ಅಂತ ಸುಪ್ರೀಂ ಕೋರ್ಟೇ ಹೇಳಿದೆ ಅಂತ ವಾದ ಮಾಡಿದನಂತೆ. ನಿಜ, 1996ರ ತೀರ್ಪು. ಅಜ್ಜನನ್ನು ನೋಡಿದ ಮೇಲೆ ನಾನೂ ಒಪ್ಪುತ್ತೇನೆ, ಅದು ದೊಡ್ಡ ವಿದ್ಯೆ. ಆದರೆ ಟೋಟ್‌ನಲ್ಲಿ ಎಲ್ಲರ ದುಡ್ಡೂ ಒಂದೇ ರಾಶಿ. ರವಿಯ ಎದುರು ಆಡುವುದು ಕುದುರೆ ಅಲ್ಲ, ಕ್ಲಬ್ಬೂ ಅಲ್ಲ. ಬೆಳಗಿನ ಜಾವದ ಪ್ರಾಕ್ಟೀಸ್ ನೋಡುವವರು, ವರ್ಷಗಟ್ಟಲೆ ಲೆಕ್ಕ ಬರೆದಿಟ್ಟವರು. ವಾಟ್ಸಾಪಿನಲ್ಲಿ ಬಂದ ಟಿಪ್ ಹಿಡಿದುಕೊಂಡು ಸೋಮವಾರಪೇಟೆ ಬಸ್ಸಿನಿಂದ ಇಳಿದವನ ದುಡ್ಡು ಅವರ ಜೇಬಿಗೇ ಹೋಗುತ್ತದೆ.

ಕುದುರೆ ಮೇಲೆ ಅವನಿಗೆ ನಿಜವಾದ ಪ್ರೀತಿ ಇದ್ದರೆ ಕಾರ್ಡ್ ತಂದು ಮನೆಯಲ್ಲಿ ಕೂತು ಓದಲಿ. ಬೆಲೆ ಬರೆದಿಡಲಿ. ಒಂದು ರೂಪಾಯಿ ಕಟ್ಟದೆ ಸಂಜೆ ಫಲಿತಾಂಶ ಹೋಲಿಸಿ ನೋಡಲಿ. ಇಲ್ಲಿನ ರೇಸಿನ ಪುಟಗಳನ್ನು ನಾನೇ ಕಳಿಸುತ್ತೇನೆ. ಟಿಪ್ ಮಾತ್ರ ಕಳಿಸುವುದಿಲ್ಲ, ಎಷ್ಟು ಕೇಳಿದರೂ.

ರೋಬಸ್ಟಾ ಬಟವಾಡೆಗೆ ದುಡ್ಡು ಈ ವಾರ ನಿನ್ನ ಅಕೌಂಟಿಗೆ ಹಾಕುತ್ತೇನೆ. ರವಿ ಅಕೌಂಟಿಗೆ ಅಲ್ಲ, ಅಪ್ಪನದಕ್ಕೂ ಅಲ್ಲ. ಆಳುಗಳಿಗೆ ನೀನೇ ಕೈಯಾರೆ ಕೊಡು. ನನಗೆ ಕಷ್ಟ ಆಗುತ್ತದೆ ಅಂತ ಯೋಚಿಸಬೇಡ. ಏನೂ ಕಷ್ಟ ಇಲ್ಲ. ಸಂಬಳ ಸರಿಯಾಗಿ ಬರುತ್ತದೆ, ಓವರ್‌ಟೈಮ್ ಸಿಗುತ್ತದೆ, ಊಟ ತಿಂಡಿ ಚೆನ್ನಾಗಿದೆ, ನಿದ್ದೆನೂ ಬರುತ್ತದೆ. ನಾನು ರೇಸಿಗೆ ಒಂದು ಡಾಲರೂ ಕಟ್ಟಿಲ್ಲ, ಕಟ್ಟುವುದೂ ಇಲ್ಲ. ಅಮ್ಮನಿಗೆ ಇದನ್ನು ಒತ್ತಿ ಹೇಳು, ಸುಮ್ನೆ ಹೆದರಿಕೊಳ್ಳುತ್ತಾಳೆ. ಇಲ್ಲಿ ಎಲ್ಲ ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ.

ಡ್ಯೂಟಿಗೆ ಹೊತ್ತಾಯಿತು, ಟ್ರಾಮ್ ತಪ್ಪುತ್ತದೆ. ಸರದ ವಿಷಯ ಮರೆಯಬೇಡ. ರವಿ ಏನಂದ ಅಂತ ರಾತ್ರಿಯೇ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ ತಂಗಿ,
ಸುಮ