ಏಳು ಪ್ರಶ್ನಾರ್ಥಕ ಚಿಹ್ನೆ

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಲದ ಸಂಚಿಕೆ ಎಂಟು ದಿನ ತಡ, ಮೊದ್ಲು ಅದಕ್ಕೆ ಕ್ಷಮಿಸಿ. ಈಗ ರಾತ್ರಿ ಹನ್ನೊಂದೂವರೆ, ಮನೇಲಿ ಎಲ್ಲ ಮಲಗಿದಾರೆ, ಹೊರಗೆ ಸಂಜೆಯಿಂದ ಬಿಡದೆ ಮಳೆ. ಬೆಳಿಗ್ಗೆ ಏಳರೊಳಗೆ ಇದನ್ನ ಕಳಿಸ್ಲೇಬೇಕು. ಡಬ್ಲಿನ್ನಲ್ಲಿ ಅಕ್ಟೋಬರ್ ಕೊನೆ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ್ಮೇಲೆ ಸಂಜೆ ಐದಕ್ಕೆಲ್ಲ ಕತ್ತಲು, ಆ ಕತ್ತಲಿಗೆ ಸರಿಯಾಗಿ ದೀಪಾವಳಿ ಬರತ್ತೆ, ಈ ಸಲ ರಾಜ್ಯೋತ್ಸವನೂ ಅದರ ಜೊತೆಗೇ ಬಂದಿದೆ. ಹಬ್ಬದ ನೋಟೀಸು ಹಬ್ಬಕ್ಕೆ ಮುಂಚೆ ನಿಮ್ಮ ಕೈಲಿರಬೇಕು.

ತಡ ಆಗಿದ್ದು ನಮ್ಮ ಸಂಘದ ವೆಬ್‌ಸೈಟಿಂದ. ಹನ್ನೊಂದು ವರ್ಷದಿಂದ ಅದನ್ನ ನೋಡ್ಕೊಂಡಿದ್ದ ನಮ್ಮೆಲ್ಲರ ಅಣ್ಣ (ಹೆಸರು ಹಾಕ್ಬೇಡಿ ಅಂತ ಅವರೇ ಹೇಳಿದಾರೆ) ಹೋದ ತಿಂಗಳು ಮೈಸೂರಿಗೆ ವಾಪಸ್ ಹೋದ್ರು, ಅಮ್ಮನಿಗೆ ವಯಸ್ಸಾಯ್ತು ಅಂತ. ಹೊರಡೋ ಹಿಂದಿನ ದಿನ ಮನೆ ಎಲ್ಲಾ ಖಾಲಿ, ಅಡುಗೆಮನೇಲಿ ಒಂದು ಕುಕ್ಕರ್ ಮಾತ್ರ ಉಳಿದಿತ್ತು, ನಿಂತ್ಕೊಂಡೇ ಕಾಫಿ ಕುಡಿದ್ವಿ, ಅತ್ತಿಗೆ ಲೈಬ್ರರಿ ಪುಸ್ತಕದ ಡಬ್ಬ ಕೊಟ್ರು, ಅಣ್ಣ ಪಾಸ್‌ವರ್ಡ್ ಬರೆದಿದ್ದ ಒಂದು ಕವರ್ ಕೊಟ್ಟು, "ಹಳೇ ಹೋಸ್ಟಿಂಗ್‌ನವ್ರು ತಿಂಗಳ ಕೊನೆಗೆ ಮುಚ್ತಾರಂತೆ, ಅಷ್ಟರೊಳಗೆ ಬೇರೆ ಕಡೆ ಸಾಗಿಸ್ಬೇಕಮ್ಮ" ಅಂದ್ರು. ಅವತ್ತು ಅದು ಎಷ್ಟು ದೊಡ್ಡ ಕೆಲಸ ಅಂತ ನಂಗೆ ಗೊತ್ತಿರ್ಲಿಲ್ಲ.

ಕಮಿಟೀಲಿ ಕೆಲವ್ರು ಸೈಟ್ ಯಾಕೆ ಬೇಕು, ವಾಟ್ಸಾಪ್ ಗ್ರೂಪ್ ಇದೆಯಲ್ಲ ಅಂದ್ರು. ನಾನು ಒಪ್ಪಲಿಲ್ಲ, ಈಗ್ಲೂ ಒಪ್ಪಲ್ಲ. 2006ರಿಂದ ನಮ್ಮೋರು ಬರೆದಿದ್ದೆಲ್ಲ ಅಲ್ಲಿದೆ. ಆರು ತಿಂಗಳು ಬಂದುಹೋದ ಅಪ್ಪ ಅಮ್ಮಂದಿರು ಬರೆದಿದ್ದು, ಮಕ್ಕಳ ಮೊದಲನೇ ಕವಿತೆ, ತೀರಿಹೋದೋರ ಬಗ್ಗೆ ಬರೆದ ನಾಲ್ಕು ಸಾಲು. ಗ್ರೂಪಲ್ಲಿ ಮೊನ್ನೆ ಹಾಕಿದ್ದು ಇವತ್ತು ಹುಡುಕಿದ್ರೆ ಸಿಗಲ್ಲ. ನಮ್ಮ ಬರಹ ನಮ್ಮ ಜಾಗದಲ್ಲೇ ಇರಬೇಕು.

ಹಂಗಾಗಿ ತಿಂಗಳಿಗೆ ಆರು ಯೂರೋ ಬಾಡಿಗೆಯ ಒಂದು ಪುಟ್ಟ ಸರ್ವರ್ (ಸೈಟ್ ಇಡೋ ಕಂಪ್ಯೂಟರ್) ತಗೊಂಡೆ, 2 ಜಿಬಿ ರ‍್ಯಾಮು, 40 ಜಿಬಿ ಡಿಸ್ಕು, ಅದನ್ನ ನಡೆಸೋ ಆಪರೇಟಿಂಗ್ ಸಿಸ್ಟಮ್ ಡೆಬಿಯನ್ 12 ಲಿನಕ್ಸ್. ಮುಂದೆ ಯಾರಾದ್ರೂ ಈ ಕೆಲಸಕ್ಕೆ ಕೈ ಹಾಕಿದ್ರೆ ಉಪಯೋಗಕ್ಕೆ ಬರ್ಲಿ ಅಂತ ಎಲ್ಲೆಲ್ಲಿ ಸಿಕ್ಕಾಕ್ಕೊಂಡೆ ಅಂತ ಬರೀತಿದೀನಿ. ಮೊದ್ಲು ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಬಿಟ್ಟು ಬೇರೆ ಯೂಸರ್ ಮಾಡಿ, ಪಾಸ್‌ವರ್ಡ್ ಬದ್ಲು ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಗೆ ಹೋಗೋ ದಾರಿ) ಕೀಲಿ ಹಾಕ್ಕೊಂಡೆ. ಫೈರ್‌ವಾಲ್ ಆನ್ ಮಾಡೋಕೆ ಮುಂಚೆ ಎಸ್‌ಎಸ್‌ಎಚ್‌ನ 22ನೇ ಪೋರ್ಟ್ (ಸರ್ವರಿನ ಬಾಗಿಲಿನ ನಂಬರ್) ತೆರೆದಿಡಿ, ಜೊತೆಗೆ ವೆಬ್ಬಿಗೆ 80 ಮತ್ತು 443. ಈ ಕ್ರಮ ಹಿಂದುಮುಂದಾದ್ರೆ ಮತ್ತೆ ಒಳಗೆ ಹೋಗೋಕಾಗಲ್ಲ. ಆಮೇಲೆ ಎಂಜಿನ್‌ಎಕ್ಸ್ (ವೆಬ್ ಸರ್ವರ್), ಮರಿಯಾಡಿಬಿ (ಡೇಟಾಬೇಸ್), ಪಿಎಚ್‌ಪಿ (ಪುಟ ತಯಾರಿಸೋ ಭಾಷೆ) ಮತ್ತು ಅದರ ಎಕ್ಸ್‌ಟೆನ್ಷನ್‌ಗಳು (ಎಂಬಿಸ್ಟ್ರಿಂಗ್ ಬಿಡಬೇಡಿ, ಕನ್ನಡಕ್ಕೆ ಅದು ಬೇಕು), ಕೊನೆಗೆ ಬರಹ ಹಾಕೋಕೆ ವರ್ಡ್‌ಪ್ರೆಸ್. ಹಾಕೋದಕ್ಕೆ ಹತ್ತು ನಿಮಿಷ ಸಾಕಾಯ್ತು, ಬ್ರೌಸರ್ ತೆರೆದ್ರೆ 502, ಅಂದ್ರೆ ಒಳಗಿಂದ ಸರಿಯಾದ ಉತ್ತರ ಬರ್ಲಿಲ್ಲ ಅನ್ನೋ ಎರರ್.

ಎರಡು ರಾತ್ರಿ ಆ 502 ಜೊತೆ ಕಳೆದೆ. ಎಂಜಿನ್‌ಎಕ್ಸ್ ಮುಂಬಾಗಿಲಲ್ಲಿ ಕೂತಿರತ್ತೆ, ಬಂದೋರು ಕೇಳಿದ್ದನ್ನ ಒಳಗಿರೋ ಪಿಎಚ್‌ಪಿಗೆ ಒಂದು ಸಾಕೆಟ್ ಫೈಲ್ ಮೂಲಕ ದಾಟಿಸತ್ತೆ. ನಾನು ನೋಡ್ಕೊಂಡು ಮಾಡ್ತಿದ್ದ ಹಳೇ ಟಿಪ್ಪಣೀಲಿ ಆ ಫೈಲಿನ ಹೆಸರಲ್ಲಿ 7.4 ಅಂತಿತ್ತು, ಡೆಬಿಯನ್ 12ರಲ್ಲಿ ಬರೋದು ಪಿಎಚ್‌ಪಿ 8.2. ಇಲ್ಲದ ಬಾಗಿಲನ್ನ ತಟ್ತಾ ಇತ್ತು ಅಷ್ಟೆ. ಎರರ್ ಲಾಗಿನ ಕೊನೇ ಸಾಲಲ್ಲಿ ಅದು ಸ್ಪಷ್ಟವಾಗಿ ಬರೆದಿತ್ತು, ಮೊದಲನೇ ರಾತ್ರೀನೇ ಲಾಗ್ ಓದಬೇಕಿತ್ತು. ಇನ್ನೊಂದು ಮಾತು, ಫೋಟೋ ಸೈಟಿಗೆ ಹತ್ತಲಿಲ್ಲ (ಅಪ್‌ಲೋಡ್ ಆಗ್ಲಿಲ್ಲ) ಅಂದ್ರೆ ಎಲ್ಲಾ ಫೋಲ್ಡರಿಗೂ 777 ಅನ್ನೋ ಪರ್ಮಿಷನ್ ಕೊಟ್ಬಿಡಿ ಅಂತ ಬಹಳ ಜನ ಹೇಳ್ತಾರೆ, ದಯವಿಟ್ಟು ಕೊಡಬೇಡಿ, ಅದು ಊರೋರಿಗೆಲ್ಲ ಬರೆಯೋ ಹಕ್ಕು ಕೊಟ್ಟ ಹಾಗೆ. ಫೋಲ್ಡರಿಗೆ 755, ಫೈಲಿಗೆ 644 ಸಾಕು, ಮಾಲೀಕರು ಮಾತ್ರ ಬರೀಬಹುದು, ಉಳಿದೋರು ಓದಬಹುದು ಅಷ್ಟೆ. ನಮ್ಮ ಗಣೇಶ ಹಬ್ಬದ ಫೋಟೋ ಹತ್ತದೇ ಇದ್ದಿದ್ದಕ್ಕೆ ಪರ್ಮಿಷನ್ ಕಾರಣನೇ ಅಲ್ಲ. ಎಂಜಿನ್‌ಎಕ್ಸ್ ತಾನಾಗಿ 1 ಎಂಬಿ ಮೇಲೆ ಒಳಗೆ ಬಿಡಲ್ಲ, ಪಿಎಚ್‌ಪಿ 2 ಎಂಬಿ ಮೇಲೆ ಬಿಡಲ್ಲ, ಎರಡೂ ಕಡೆ ಮಿತಿ ಏರಿಸಬೇಕು.

ಇಷ್ಟೆಲ್ಲ ಆಗಿ ಡೇಟಾಬೇಸ್ ತಂದು ಹಾಕಿ ಸೈಟ್ ತೆರೆದ್ರೆ ಒಂದಕ್ಷರ ಕನ್ನಡ ಇಲ್ಲ. ‘ಕ’ ಇರಬೇಕಾದ ಜಾಗದಲ್ಲಿ ತಲೆ ಮೇಲೆ ಗೆರೆ ಇರೋ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಮೇಲಕ್ಕೆ ಒಂದು ಚಿಕ್ಕ 2, ಆಮೇಲೊಂದು ದಪ್ಪ ಚುಕ್ಕಿ. ಹದಿನೆಂಟು ವರ್ಷದ ಬರಹ ಎಲ್ಲಾ ಹಂಗೇ. ಎದೆ ಧಸಕ್ ಅಂತು. ಹೊಸದಾಗಿ ಬರೆದ್ರೆ ಹೇಗೆ ಕಾಣತ್ತೆ ನೋಡಣ ಅಂತ "ದೀಪಾವಳಿ" ಅಂತ ಒಂದು ಪೋಸ್ಟ್ ಹಾಕಿದೆ. ಅದು ಬರೀ ಪ್ರಶ್ನಾರ್ಥಕ ಚಿಹ್ನೆಯಾಗಿ ಬಂತು. ನೀರು ಕುಡಿಯೋಕೆ ಎದ್ದು ಬಂದ ಮಗಳು ನನ್ನ ಭುಜದ ಹಿಂದೆ ನಿಂತು ಬೆರಳಿಟ್ಟು ಎಣಿಸಿದಳು.

"ಅಮ್ಮ, ದೀಪಾವಳಿ ನಾಲ್ಕು ಅಕ್ಷರ ಅಂತ ಕನ್ನಡ ಕ್ಲಾಸಲ್ಲಿ ಹೇಳ್ಕೊಟ್ಟಿದಾರೆ, ಇಲ್ಲಿ ಏಳು ಪ್ರಶ್ನೆ ಇದೆಯಲ್ಲ?"

ನಾನು ಎಣಿಸಿದೆ, ಏಳೇ. ದ, ಅದರ ದೀರ್ಘ, ಪ, ಅದರ ದೀರ್ಘ, ವ, ಳ, ಅದರ ಗುಡಿಸು. ಯೂನಿಕೋಡಲ್ಲಿ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡೋ ಪದ್ಧತಿ) ಗುಣಿತದ ಚಿಹ್ನೆಗಳು ಬೇರೆ ಬೇರೆ, ಹಂಗೆ ನೋಡಿದ್ರೆ ದೀಪಾವಳಿ ಏಳು. ಅಂದ್ರೆ ಬರೆದಿದ್ದು ಡೇಟಾಬೇಸಿನ ಬಾಗಿಲ ತನಕ ಸರಿಯಾಗೇ ಹೋಗಿದೆ, ಒಳಗೆ ಇಡೋ ಹೊತ್ತಿಗೆ ಒಂದೊಂದಕ್ಕೂ ಜಾಗ ಸಿಗದೆ ಒಂದೊಂದು ಪ್ರಶ್ನಾರ್ಥಕ ಕೂತಿದೆ. ಅವಳು ಎಣಿಸಿದ ಮೇಲೆ ಎಲ್ಲಿ ಹುಡುಕಬೇಕು ಅಂತ ನನಗೆ ಗೊತ್ತಾಯ್ತು, ಜೊತೆಗೆ ಸಾಗರದ ನಮ್ಮ ಮಾವನ ಪ್ರೆಸ್ಸೂ ನೆನಪಾಯ್ತು.

ಸೋದರಮಾವಂದು ಪೇಟೇಲಿ ಒಂದು ಸಣ್ಣ ಪ್ರೆಸ್ ಇತ್ತು. ಉದ್ದಕ್ಕೆ ಒಂದೇ ಕೋಣೆ, ಹಿಂದೆ ಕಾಲಲ್ಲಿ ತುಳಿಯೋ ಟ್ರೆಡಲ್ ಮಷೀನು, ಗೋಡೆಗೆ ಒರಗಿಸಿದ ಮರದ ಕೇಸುಗಳು, ಒಂದೊಂದು ಕೇಸಲ್ಲೂ ಸಾಲು ಸಾಲು ಪುಟ್ಟ ಮನೆ, ಮನೆಗೊಂದು ಅಕ್ಷರ. ಸೀಸದ ಮೊಳೆ. ಸೀಮೆಎಣ್ಣೆ ಮತ್ತು ಮಸಿ ವಾಸನೆ. ಮೊಳೆ ಜೋಡಿಸೋ ಅಣ್ಣ ಕೇಸ್ ಕಡೆ ನೋಡ್ತಾನೇ ಇರ್ಲಿಲ್ಲ, ಕಣ್ಣು ಬರೆದ ಹಾಳೆ ಮೇಲೆ, ಕೈ ಪಾಡಿಗೆ ಕೈ ಮನೆ ಮನೆಗೆ ಹೋಗಿ ಬರ್ತಿತ್ತು. ಬೇಸಿಗೆ ರಜೇಲಿ ನಮಗೆ ಕೊಡ್ತಿದ್ದ ಕೆಲಸ ಅಂದ್ರೆ ಅಚ್ಚಾದ ಮೇಲೆ ಮೊಳೆ ಬಿಚ್ಚಿ, ಒರೆಸಿ, ವಾಪಸ್ ಅದರದರ ಮನೆಗೆ ಹಾಕೋದು. ಮೊಳೇಲಿ ಅಕ್ಷರ ತಿರುಗುಮುರುಗಾಗಿ ಇರತ್ತೆ, ನನಗಾಗ ಒಂಬತ್ತು ವರ್ಷ, ಒಂದು ಮಧ್ಯಾಹ್ನ ‘ಬ’ ಮೊಳೆಗಳನ್ನೆಲ್ಲ ‘ಭ’ ಮನೆಗೆ ತುಂಬಿಬಿಟ್ಟೆ. ಮಾರನೇ ದಿನ ಒಂದು ಮದುವೆ ಕಾಗದ, ಕರೆಂಟ್ ಇಲ್ಲ, ಲಾಟೀನು ಬೆಳಕಲ್ಲಿ ಪ್ರೂಫ್ ನೋಡಿದ್ದು, ಮುನ್ನೂರು ಕಾಗದ ಅಚ್ಚಾಗಿ ಹೋಯ್ತು. ಎಲ್ಲದರ ಮೇಲೂ ದಪ್ಪಕ್ಕೆ "ಶುಬವಿವಾಹ". ಹುಡುಗನ ಕಡೆಯವ್ರು ಕಟ್ಟು ತಂದು ಮೇಜಿನ ಮೇಲೆ ಇಟ್ಟು ಹೋದ್ರು. ಮಾವ ಬೈಲಿಲ್ಲ. ಆ ಮನೇಲಿದ್ದ ಮೊಳೇನೆಲ್ಲ ಒಂದು ತಟ್ಟೆಗೆ ಸುರಿದು, ನನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಒಂದೊಂದನ್ನೇ ಕಿಟಕಿ ಬೆಳಕಿಗೆ ಹಿಡಿಸಿ ನೋಡಿಸಿದ್ರು. "ಮೊಳೆ ಚೆನ್ನಾಗೇ ಇದೆ ಪುಟ್ಟಿ, ಮನೆ ತಪ್ಪಿದೆ" ಅಂದ್ರು. ಕತ್ತಲಾಗೋ ತನಕ ಕೂತಿದ್ವಿ, ಅತ್ತೆ ಅಲ್ಲಿಗೇ ಅವಲಕ್ಕಿ ಮೊಸರು ಕಳಿಸಿದ್ರು, ಬೆರಳೆಲ್ಲ ಮಸಿ ಇದ್ದಿದ್ದಕ್ಕೆ ಮಾವನೇ ಚಮಚದಲ್ಲಿ ತಿನ್ನಿಸಿದ್ರು.

ನಮ್ಮ ಸೈಟಿಗೂ ಇದೇ ಆಗಿದ್ದು. 2006ರ ವರ್ಡ್‌ಪ್ರೆಸ್ಸಲ್ಲಿ ಡೇಟಾಬೇಸಿಗೆ "ಇದು ಯುಟಿಎಫ್-8" (ಯೂನಿಕೋಡ್ ಅಕ್ಷರಗಳನ್ನ ಬೈಟುಗಳಾಗಿ ಬರೆಯೋ ಕ್ರಮ) ಅಂತ ಹೇಳೋ ಸೆಟ್ಟಿಂಗೇ ಇರ್ಲಿಲ್ಲ, ಅದು 2007ರಲ್ಲಿ 2.2 ಆವೃತ್ತಿಗೆ ಬಂತು, ನಮ್ಮ ಕಾನ್ಫಿಗ್ ಫೈಲ್ ಮಾತ್ರ ಹಳೇದೇ ಉಳೀತು. ಹಾಗಾಗಿ ಕನ್ನಡದ ಬೈಟುಗಳೆಲ್ಲ (ಕಂಪ್ಯೂಟರ್ ಅಕ್ಷರ ಇಡೋ ಪುಟ್ಟ ತುಣುಕುಗಳು) ಯುರೋಪಿನ ಭಾಷೆಗಳಿಗೆ ಮಾಡಿದ ಲ್ಯಾಟಿನ್-1 ಅನ್ನೋ ಹೆಸರಿನ ಮನೇಲಿ ಕೂತಿದ್ವು. ಇಡೋವಾಗ್ಲೂ ತಪ್ಪು ಹೆಸರು, ತೆಗೆಯೋವಾಗ್ಲೂ ಅದೇ ತಪ್ಪು ಹೆಸರು, ಅದಕ್ಕೇ ಇಷ್ಟು ವರ್ಷ ಕಣ್ಣಿಗೆ ಸರಿಯಾಗೇ ಕಂಡಿದ್ದು. ಹೊಸ ಸರ್ವರ್ ಹೆಸರು ನಂಬಿ ಓದ್ತು, ಕೆಟ್ಟು ಕಂಡಿತು. ‘ಕ’ ಯುಟಿಎಫ್-8ರಲ್ಲಿ ಮೂರು ಬೈಟು, ಅದಕ್ಕೇ ಆ ‘ಎ’, ಆ 2, ಆ ಚುಕ್ಕಿ ಅಂತ ಮೂರು ಗುರುತು. ಆದ್ರೆ ಅವು ಮೂರೂ ಅಲ್ಲೇ ಇದಾವಲ್ಲ, ಏನೂ ಕಳೆದಿಲ್ಲ! ಪ್ರಶ್ನಾರ್ಥಕ ಚಿಹ್ನೆ ಬೇರೆ ಕತೆ. ಲ್ಯಾಟಿನ್-1ರಲ್ಲಿ ಇರೋದೇ 256 ಮನೆ, ‘ದ’ಗೆ ಅಲ್ಲಿ ಜಾಗ ಇಲ್ಲ, ಹೊಸದಾಗಿ ಬರೆದಿದ್ದು ಅಳಿಸೇ ಹೋಯ್ತು. ಗುರುತು ಕೆಟ್ಟು ಕಂಡ್ರೆ ಗಾಬರಿ ಬೇಡ, ಪ್ರಶ್ನಾರ್ಥಕ ಕಂಡ್ರೆ ತಕ್ಷಣ ಕೈ ನಿಲ್ಲಿಸಿ, ಇನ್ನೊಂದು ಅಕ್ಷರಾನೂ ಬರೀಬೇಡಿ.

ಹಳೇ ಸರ್ವರ್ ಮುಚ್ಚೋಕೆ ಮೂರು ದಿನ ಉಳಿದಿತ್ತು. ಮೈಸೂರಿಗೆ ಫೋನ್ ಮಾಡಿದೆ, ಅಲ್ಲಿ ಬೆಳಿಗ್ಗೆ ಐದೂವರೆ, ಅಣ್ಣ ಎದ್ದಿದ್ರು, ಹಿಂದೆ ಸುಪ್ರಭಾತ ಕೇಳಿಸ್ತಿತ್ತು. ಅವರ ಜೊತೆ ಕೂತು ಹಳೇ ಡೇಟಾಬೇಸನ್ನ ಮತ್ತೆ ಡಂಪ್ ತೆಗೆದ್ವಿ (ಎಲ್ಲಾ ಒಂದು ಫೈಲಿಗೆ ಇಳಿಸೋದು), ಈ ಸಲ ಕ್ಯಾರೆಕ್ಟರ್ ಸೆಟ್ (ಅಕ್ಷರ ಇಡೋ ಕ್ರಮ) ಲ್ಯಾಟಿನ್-1 ಅಂತಲೇ ಕೊಟ್ಟು, ಬೈಟುಗಳು ಬದಲಾಗದೆ ಇದ್ದಂಗೇ ಆಚೆ ಬರೋ ಹಾಗೆ. ಆಮೇಲೆ ಆ ಫೈಲಲ್ಲಿ ಲ್ಯಾಟಿನ್-1 ಅಂತ ಇದ್ದ ಹೆಸರನ್ನ ಮಾತ್ರ ಯುಟಿಎಫ್8ಎಂಬಿ4 (ಡೇಟಾಬೇಸಲ್ಲಿ ಪೂರ್ತಿ ಯುಟಿಎಫ್-8ರ ಹೆಸರು) ಅಂತ ಬದಲಿಸಿ ಹೊಸ ಡೇಟಾಬೇಸಿಗೆ ಹಾಕಿದ್ವಿ. ಅಕ್ಷರ ಒಂದೂ ಮುಟ್ಟಲಿಲ್ಲ, ಮನೆ ಮೇಲಿನ ಹೆಸರು ಮಾತ್ರ ಬದಲಾಯಿಸಿದ್ದು. ಪುಟ ತೆರೆದ್ರೆ ಮೊದ್ಲು ಕಂಡಿದ್ದು 2009ರಲ್ಲಿ ತೀರ್ಥಹಳ್ಳಿಯಿಂದ ಮಗಳ ಬಾಣಂತನಕ್ಕೆ ಬಂದಿದ್ದ ಒಬ್ಬ ಅಜ್ಜಿ ಹೇಳಿ ಬರೆಸಿದ ಪುಟ, ಇಲ್ಲಿನ ಅಂಗಡೀಲಿ ಪತ್ರೊಡೆಗೆ ಕೆಸುವಿನ ಎಲೆ ಸಿಗದೆ ಪಾಲಕ್ ಎಲೆ ಜೋಡಿಸಿ ಮಾಡಿದ್ದು. ಆ ಅಜ್ಜಿ ಈಗ ಇಲ್ಲ. ಫೋನಲ್ಲಿ ಅಣ್ಣನಿಗೆ ಜೋರಾಗಿ ಓದಿ ಹೇಳಿದೆ, ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಬರ್ಲಿಲ್ಲ.

ಇನ್ನೂ ಒಂದು ಬಾಕಿ ಇದೆ. 2006ರಿಂದ 2010ರ ತನಕದ ಸಂಚಿಕೆಗಳು ಪಿಡಿಎಫ್, ‘ನುಡಿ’ ಮತ್ತು ‘ಬರಹ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು. ಕಣ್ಣಿಗೆ ಕನ್ನಡ, ಕಾಪಿ ಮಾಡಿದ್ರೆ ಇಂಗ್ಲಿಷ್ ಕ್ಯಾಪಿಟಲ್ ‘ಪಿ’, ನಡುವೆ ಪೌಂಡ್ ಚಿಹ್ನೆ. ಯೂನಿಕೋಡಿಗೆ ಬದಲಿಸೋ ಸಾಫ್ಟ್‌ವೇರ್ ಇದೆ, ಆದ್ರೂ ಒತ್ತಕ್ಷರಗಳನ್ನ ಮನುಷ್ಯರೇ ಕೂತು ನೋಡಬೇಕು.

ಈಗ ನೋಟೀಸುಗಳು, ಹೊತ್ತಾಯ್ತು. ದೀಪಾವಳಿ ಮತ್ತು ರಾಜ್ಯೋತ್ಸವ ಒಟ್ಟಿಗೆ, ನವೆಂಬರ್ 9 ಶನಿವಾರ ಮಧ್ಯಾಹ್ನ 2ರಿಂದ, ಜಾಗ ಯಾವಾಗಲೂ ಸೇರೋ ಹಾಲೇ. ಧ್ವಜ ತರೋರು ಯಾರು ಅಂತ ಇನ್ನೂ ಗೊತ್ತಾಗಿಲ್ಲ, ದಯವಿಟ್ಟು ಹೇಳಿ. ಊಟ ಮನೆಯಿಂದಲೇ, ಬಿಸಿಬೇಳೆಬಾತ್ ಈಗಾಗ್ಲೇ ಐದು ಮನೆಯಿಂದ ಬರ್ತಿದೆ, ಪಲ್ಯ ಕೋಸಂಬರಿ ಮಾಡೋರು ಬೇಕು. ಮಕ್ಕಳ ನಾಟಕದ ರಿಹರ್ಸಲ್ ಪ್ರತಿ ಭಾನುವಾರ 11ಕ್ಕೆ. ಹಾಲ್ ಒಳಗೆ ಪಟಾಕಿ ಇಲ್ಲ, ಹಣತೆನೂ ಇಲ್ಲ, ಬ್ಯಾಟರಿ ದೀಪ ಮಾತ್ರ. ಲೈಬ್ರರಿ ಪುಸ್ತಕ ಇಟ್ಕೊಂಡಿರೋರು ಅವತ್ತೇ ತನ್ನಿ. ಕನ್ನಡ ಕ್ಲಾಸಿಗೆ ಹೊಸ ಮಕ್ಕಳು ಸೇರಬಹುದು.

ಕೊನೇದಾಗಿ ಒಂದು ಕೇಳ್ಕೋತೀನಿ. ಆ ಸರ್ವರಿಗೆ ಈಗ ನನ್ನದೊಂದೇ ಕೀಲಿ. ದಿನಾ ರಾತ್ರಿ ಬ್ಯಾಕಪ್ ತೆಗೆಯೋಕೆ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಮಾಡೋ ವ್ಯವಸ್ಥೆ) ಹಾಕಿದೀನಿ, ಅದರ ಕಾಪಿ ನಮ್ಮನೆ ಡಿಸ್ಕಲ್ಲಿ ಮಾತ್ರ ಇದೆ. ನಮ್ಮ ಎಚ್‌ಟಿಟಿಪಿಎಸ್ ಸರ್ಟಿಫಿಕೇಟು (ಸೈಟ್ ಅಸಲಿ ಅಂತ ಬ್ರೌಸರಿಗೆ ತೋರಿಸೋ ಪತ್ರ) 90 ದಿನದ್ದು, ತಾನೇ ನವೀಕರಣ ಆಗತ್ತೆ, ಆಗದಿದ್ರೆ ನೋಡೋರು ಇರಬೇಕು. ನಾನು ಊರಿಗೆ ಹೋದಾಗ, ಹುಷಾರು ತಪ್ಪಿದಾಗ, ಅಣ್ಣನ ಥರ ಒಂದು ದಿನ ಹೊರಟೇ ಹೋದಾಗ ಈ ಕೀಲಿ ಯಾರ ಹತ್ರ ಇರತ್ತೆ ಅನ್ನೋದು ರಾತ್ರಿ ನಿದ್ದೆಗೆಡಿಸ್ತಿದೆ. ಇಬ್ಬರು ಸಾಕು, ಲಿನಕ್ಸ್ ಗೊತ್ತಿರ್ಲೇಬೇಕು ಅಂತಿಲ್ಲ, ನಾನು ಹೇಳ್ಕೊಡ್ತೀನಿ. ಹಳೇ ಸಂಚಿಕೆಯ ಒತ್ತಕ್ಷರ ನೋಡೋಕೆ ಕನ್ನಡ ಓದೋಕೆ ಬರೋ ಯಾರಾದ್ರೂ ಸೈ, ಊರಿಂದ ಬಂದಿರೋ ಅಪ್ಪ ಅಮ್ಮಂದಿರನ್ನೂ ಕರ್ಕೊಂಡು ಬನ್ನಿ. ನವೆಂಬರ್ 17ನೇ ಭಾನುವಾರ ಮಧ್ಯಾಹ್ನ 3ಕ್ಕೆ ನಮ್ಮನೇಲಿ ಕೂರೋಣ, ಅವಲಕ್ಕಿ ಮೊಸರು ನಾನು ಮಾಡಿರ್ತೀನಿ, ಲ್ಯಾಪ್‌ಟಾಪ್ ಚಾರ್ಜರ್ ನೀವು ತನ್ನಿ.