ಈ ಭಾನುವಾರದ ಓದು: ಆಲಿಸ್ ಮತ್ತು ತರ್ಕ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10.30ಕ್ಕೆ ಮಡಿಕೇರಿಯಲ್ಲಿ, ಎಂದಿನ ಜಾಗದಲ್ಲೇ ಸೇರೋಣ. ‘ಟ್ರೆಷರ್ ಐಲ್ಯಾಂಡ್’ ಮುಗಿಯಿತು; ಇನ್ನು 1865ರಲ್ಲಿ ಹೊರಬಂದ ಆಲಿಸಳ ಕಥೆ, ‘ಆಲಿಸ್ ಇನ್ ವಂಡರ್‌ಲ್ಯಾಂಡ್’.

ಮಕ್ಕಳ ಕಥೆ ಎಂದು ದಯವಿಟ್ಟು ಪಕ್ಕಕ್ಕಿಡಬೇಡಿ. ಬರೆದ ಲೂಯಿಸ್ ಕ್ಯಾರಲ್ ಆಕ್ಸ್‌ಫರ್ಡಿನಲ್ಲಿ ಗಣಿತ ಕಲಿಸುತ್ತಿದ್ದವರು. 1896ರಲ್ಲಿ ತರ್ಕಶಾಸ್ತ್ರದ ಪುಸ್ತಕವನ್ನೂ ತಂದರು. ಅದರಲ್ಲಿನ ಒಂದು ಲೆಕ್ಕ ನೋಡಿ: ಎಳೆಯ ಮಕ್ಕಳಿಗೆ ತರ್ಕ ತಿಳಿಯದು. ಮೊಸಳೆಯನ್ನು ನಿಭಾಯಿಸಬಲ್ಲವರನ್ನು ಯಾರೂ ತಾತ್ಸಾರ ಮಾಡುವುದಿಲ್ಲ. ತರ್ಕ ತಿಳಿಯದವರನ್ನು ತಾತ್ಸಾರ ಮಾಡುತ್ತಾರೆ. ಮೂರನ್ನೂ ಕೂಡಿಸಿದರೆ ಏನು ಸಿಗುತ್ತದೆ? ಉತ್ತರವನ್ನು ಇಲ್ಲಿ ಹಾಕಬೇಡಿ, ಮನೆಯ ಮಕ್ಕಳನ್ನು ಕೇಳಿ. ಅವರೇ ಬೇಗ ಹೇಳುತ್ತಾರೆಂಬುದು ನನ್ನ ನಂಬಿಕೆ. ಮಾತು ಎಷ್ಟೇ ವಿಚಿತ್ರವಾಗಿರಲಿ, ತರ್ಕದ ಎಳೆ ಎಲ್ಲೂ ಕಡಿಯುವುದಿಲ್ಲ. ಆಲಿಸಳ ಹುಚ್ಚು ಚಹಾಕೂಟದ ಸೊಗಸೂ ಅದೇ. ಆ ಏಳನೆಯ ಅಧ್ಯಾಯವನ್ನಾದರೂ ಓದಿ ಬನ್ನಿ.

ಮುಂದಿನ ತಿಂಗಳು ನಮ್ಮ ನೆಲದ್ದೇ: ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ, ಕೊಡವರ ಜನಪದ ಹಾಡು-ಆಚರಣೆಗಳ ಸಂಗ್ರಹ ‘ಪಟ್ಟೋಲೆ ಪಳಮೆ’. ಹಳೆಯ ಪ್ರತಿ ಮನೆಯಲ್ಲಿದ್ದವರು ತಿಳಿಸಿ.

ಮಳೆ ಜೋರಾಗಿದೆ. ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ರಸ್ತೆಯ ಸ್ಥಿತಿ ವಿಚಾರಿಸಿಕೊಂಡು ಹೊರಡಿ. ಬರುವವರು ಶನಿವಾರ ಸಂಜೆಯೊಳಗೆ ಹೆಸರು ಹಾಕಿ.